ಗುಂಡು ಹಾರದೆ ಹುಟ್ಟಿದ ದೇಶಕ್ಕೆ ದೇಶಭಕ್ತಿ ಕವಿತೆ ಎಲ್ಲಿಂದ ಬರುತ್ತದೆ?

ಕಾಫಿಪುಡಿ
ದೇಶಭಕ್ತಿ ಕವಿತೆ ಅಂದರೆ ನಮಗೆಲ್ಲ ಒಂದೇ ಮಾದರಿ ಗೊತ್ತು. ಎದುರಿಗೆ ಶತ್ರು, ಬೆನ್ನ ಹಿಂದೆ ತಾಯಿ, ನಡುವೆ ರಕ್ತ. ಆಸ್ಟ್ರೇಲಿಯಾದ ಕತೆ ಹಾಗಿಲ್ಲ. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್, ಸೌತ್ ಆಸ್ಟ್ರೇಲಿಯಾ, ವೆಸ್ಟರ್ನ್ ಆಸ್ಟ್ರೇಲಿಯಾ, ಟಾಸ್ಮೇನಿಯಾ ಅಂತ ಆರು ಬ್ರಿಟಿಷ್ ವಸಾಹತುಗಳು. ವರ್ಷಗಟ್ಟಲೆ ಸಭೆ ಮಾಡಿದರು, ಜಗಳ ಆಡಿದರು, ಜನರ ಹತ್ತಿರ ಮತ ಹಾಕಿಸಿದರು. ಕೊನೆಗೆ ಲಂಡನ್ನಿನ ಪಾರ್ಲಿಮೆಂಟೇ ಕಾಯ್ದೆ ಪಾಸು ಮಾಡಿ ಕೊಟ್ಟಿತು. 1901ರ ಜನವರಿ 1ಕ್ಕೆ ಆರೂ ಸೇರಿದ ಒಕ್ಕೂಟ, ಅಂದರೆ ಒಂದು ದೇಶ ತಯಾರು. ಜೈಲಿಲ್ಲ, ಗಲ್ಲಿಲ್ಲ.

ಆದರೆ ಅದಕ್ಕೆ ಮುಂಚಿನ ಇಪ್ಪತ್ತು ವರ್ಷ ಅಲ್ಲಿನ ಪತ್ರಿಕೆಗಳ ತುಂಬಾ ಇದೇ ವಿಷಯದ ಕವಿತೆಗಳಂತೆ. ಒಂದಷ್ಟು ಹುಡುಕಿ ಓದಿದೆ. ಜಾಸ್ತಿ ಭಾಗ ಸಪ್ಪೆ. "ಎದ್ದೇಳು ಕನ್ಯೆ, ಕಿರೀಟ ಧರಿಸು" ಅನ್ನೋ ಧಾಟಿ. ಒಂದೆರಡು ಮಾತ್ರ ನಿಜಕ್ಕೂ ಹಿಡಿದವು.

ಪ್ರಶ್ನೆ ಇಷ್ಟೇ. ಸುಂಕ, ರೈಲು, ಬಜೆಟ್ಟಿನ ಲೆಕ್ಕದಿಂದ ಹುಟ್ಟಿದ ದೇಶಕ್ಕೆ ಒಳ್ಳೆ ಕವಿತೆ ಸಾಧ್ಯವಾ? ಆ ಕವಿತೆಗಳಿಂದ ಏನಾದರೂ ಆಯ್ತಾ, ಅಥವಾ ಸುಮ್ನೆ ಮದುವೆ ಮನೆ ಮುಂದಿನ ವಾಲಗವಾ? ಓದಿದವರು ಹೇಳಿ.

ಒಗ್ಗರಣೆ
ವಾಲಗ ಇಲ್ಲದೆ ಮದುವೆ ಆಗುತ್ತಾ ಸ್ವಾಮಿ? 😄

ಅಂಕಿಸಂಖ್ಯೆ
ನೇರವಾಗಿ ಹೇಳುತ್ತೇನೆ. ಕವಿತೆಯಿಂದ ಏನೂ ಆಗಲಿಲ್ಲ. ವಿಕ್ಟೋರಿಯಾದವರು ತಮ್ಮ ಕಾರ್ಖಾನೆ ಉಳಿಸಿಕೊಳ್ಳಲು ಆಮದಿನ ಮೇಲೆ ಸುಂಕ ಹಾಕುತ್ತಿದ್ದರು. ನ್ಯೂ ಸೌತ್ ವೇಲ್ಸ್‌ನವರು ಮುಕ್ತ ವ್ಯಾಪಾರದ ಪಕ್ಷ. ಮರ್ರೆ ನದಿಯ ಈ ದಡದಿಂದ ಆ ದಡಕ್ಕೆ ಸಾಮಾನು ಸಾಗಿಸಿದರೆ ಸುಂಕದವನು ಬಂದು ಗಂಟು ಬಿಚ್ಚುತ್ತಿದ್ದ. ಒಂದಾದರೆ ಲಾಭ ಇತ್ತು, ಒಂದಾದರು. 1898ರ ಮೊದಲ ಜನಮತದಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ಹೌದು ಅಂದವರು 71,595, ಬೇಡ ಅಂದವರು 66,228. ಅಲ್ಲಿ ಕನಿಷ್ಠ 80,000 ಹೌದು ಬೇಕು ಅಂತ ನಿಯಮ ಮಾಡಿದ್ದರು, ಹಾಗಾಗಿ ಬಿದ್ದುಹೋಯಿತು. ಆಮೇಲೆ ಆರು ವಸಾಹತುಗಳ ಪ್ರಧಾನಿಗಳೆಲ್ಲ ಕೂತು ಷರತ್ತು ಬದಲಾಯಿಸಿದರು. ರಾಜಧಾನಿ ನ್ಯೂ ಸೌತ್ ವೇಲ್ಸ್‌ನಲ್ಲೇ ಇರಬೇಕು, ಆದರೆ ಸಿಡ್ನಿಯಿಂದ 100 ಮೈಲಿಗಿಂತ ಹತ್ತಿರ ಇರಕೂಡದು ಅಂತ ಸೇರಿಸಿದರು. 1899ರಲ್ಲಿ ಪಾಸಾಯಿತು. ಇದರಲ್ಲಿ ಕವಿ ಎಲ್ಲಿದ್ದಾನೆ ತೋರಿಸಿ.

ಬೆಂಡಿಗೋ ಬಿಸಿಬೇಳೆ
ತೋರಿಸುತ್ತೇನೆ. ನಮ್ಮೂರಲ್ಲೇ ಇದ್ದಾನೆ.

ವಿಲಿಯಂ ಗೇ ಅಂತ. ಸ್ಕಾಟ್ಲೆಂಡಿನಿಂದ ಬಂದ ಕ್ಷಯರೋಗಿ. ವಿಕ್ಟೋರಿಯಾದ ಬೆಂಡಿಗೋದಲ್ಲಿ ಹಾಸಿಗೆ ಹಿಡಿದು ಬರೆಯುತ್ತಿದ್ದ. ಒಕ್ಕೂಟದ ಮೇಲೆ ಒಂದು ಸುನೀತ ಬರೆದ, ಹದಿನಾಲ್ಕೇ ಸಾಲು. ಈ ನೆಲವನ್ನು ದೇವರೇ ಒಂದಾಗಿ ಮಾಡಿದ್ದಾನೆ, ಮೇಲೆ ಎಲ್ಲೂ ತುಂಡಾಗದ ಆಕಾಶ, ಸುತ್ತ ಒಂದೇ ಕಡಲು, ನಡುವೆ ಗೆರೆ ಎಳೆದವರು ನಾವು ಅನ್ನುತ್ತಾನೆ. ಕೊನೆಯ ಸಾಲುಗಳಲ್ಲಿ ದನಿ ಬದಲಾಗುತ್ತದೆ. ತಾಯಿಯ ಬಟ್ಟೆಯನ್ನು ಮಕ್ಕಳೇ ಹರಿದಿದ್ದೇವೆ, ಚಿಲ್ಲರೆ ಜಗಳದಲ್ಲಿ ಜೀವ ಸವೆಸಿದ್ದೇವೆ, ಈಗ ಪಶ್ಚಾತ್ತಾಪಪಟ್ಟು ಏಳೋಣ ಅಂತ. 1897ರ ಡಿಸೆಂಬರಿನಲ್ಲಿ ತೀರಿಹೋದ. ಮೂವತ್ತೆರಡು ವಯಸ್ಸು.

ಇದಾಗಿ ಮೂರು ತಿಂಗಳಿಗೆ, 1898ರ ಮಾರ್ಚ್ 15ರಂದು, ಬೆಂಡಿಗೋದಲ್ಲಿ ಒಂದು ಔತಣಕೂಟ. ಆಸ್ಟ್ರೇಲಿಯನ್ ನೇಟಿವ್ಸ್ ಅಸೋಸಿಯೇಷನ್ ಅನ್ನೋ ಸಂಘದ್ದು, ಅಂದರೆ ಅಲ್ಲೇ ಹುಟ್ಟಿದ ಬಿಳಿಯರದ್ದು. ಅಷ್ಟರಲ್ಲಿ ವಿಕ್ಟೋರಿಯಾದ ದೊಡ್ಡ ಪತ್ರಿಕೆಗೂ ಸರ್ಕಾರಕ್ಕೂ ಸಂವಿಧಾನದ ಕರಡಿನ ಬಗ್ಗೆ ಅನುಮಾನ ಶುರುವಾಗಿತ್ತು. ಆಲ್ಫ್ರೆಡ್ ಡೀಕಿನ್ ಎದ್ದು ಮಾತಾಡಿದರು. ಮುಂದೆ ದೇಶದ ಎರಡನೇ ಪ್ರಧಾನಿ ಆದವರು. ಭಾಷಣ ಮುಗಿಸಿದ್ದು ಯಾವುದರಿಂದ ಗೊತ್ತಾ? ಈಗಷ್ಟೇ ಸತ್ತ ಇದೇ ಊರಿನ ಕವಿಯ ಆ ಕೊನೆಯ ಸಾಲುಗಳಿಂದ. ಕೂತಿದ್ದ ಯುವಕರು ಎದ್ದು ನಿಂತರು. ವಿಕ್ಟೋರಿಯಾ ಒಕ್ಕೂಟದ ಕಡೆ ವಾಲಿದ್ದು ಆ ರಾತ್ರಿ ಅಂತ ಇತಿಹಾಸಕಾರರೇ ಬರೆಯುತ್ತಾರೆ.

ಲೆಕ್ಕ ಇತ್ತು, ಇಲ್ಲ ಅಂದಿಲ್ಲ. ಆದರೆ ಸುಂಕದ ಪಟ್ಟಿ ಓದಿ ಯಾರೂ ಎದ್ದು ನಿಲ್ಲುವುದಿಲ್ಲ ಅಲ್ವಾ?

ಅಂಕಿಸಂಖ್ಯೆ
ಊಟ ಆಗಿತ್ತು, ವೈನ್ ಆಗಿತ್ತು. ಎದ್ದು ನಿಲ್ಲುತ್ತಾರೆ.

ಕುಂದಾಪ್ರದ ಮಾಣಿ
ಒಂದೇ ಕಡಲು, ಒಂದೇ ದಂಡೆ ಅಂದರೆ ಟಾಸ್ಮೇನಿಯಾ ಎಲ್ಲಿ ಹೋಯ್ತು ಮಾರಾಯ್ರೇ? ಅದು ದ್ವೀಪ. ನಡುವೆ ಜಲಸಂಧಿ ಇದೆ. ದೇವರು ಒಂದಾಗಿ ಮಾಡಿದ್ದು ಹೌದಾದರೆ ಅದನ್ನು ಯಾಕೆ ಕತ್ತರಿಸಿ ಆಚೆ ಇಟ್ಟ?

ಬೆಂಡಿಗೋ ಬಿಸಿಬೇಳೆ
ಹ್ಹಹ್ಹ. ಪಾಪ, 1899ರಲ್ಲಿ ಶೇಕಡ 90ಕ್ಕೂ ಜಾಸ್ತಿ ಹೌದು ಅಂತ ಮತ ಹಾಕಿದ್ದು ಟಾಸ್ಮೇನಿಯಾದವರೇ. ಕವಿತೆಯಲ್ಲಿ ಜಾಗ ಇಲ್ಲದಿದ್ದರೂ ಮುನಿಸಿಕೊಳ್ಳಲಿಲ್ಲ.

ಮೇಷ್ಟ್ರು (ನಿವೃತ್ತ)
ಕಾಫಿಪುಡಿಯವರೇ, ನಿಮ್ಮ "ಸಪ್ಪೆ" ಅನ್ನುವ ಮಾತಿಗೆ ನನ್ನ ಅರ್ಧ ಒಪ್ಪಿಗೆ. ಉಳಿದರ್ಧಕ್ಕೆ ಜೇಮ್ಸ್ ಬ್ರಂಟನ್ ಸ್ಟೀಫನ್ಸ್ ಅವರನ್ನು ಓದಬೇಕು. ಇವರೂ ಸ್ಕಾಟ್ಲೆಂಡಿನವರೇ. 1866ರಲ್ಲಿ ಕ್ವೀನ್ಸ್‌ಲ್ಯಾಂಡಿಗೆ ಬಂದು ಪಾಠ ಹೇಳುತ್ತಿದ್ದರು, ಆಮೇಲೆ ಸರ್ಕಾರಿ ನೌಕರಿ. 1877ರಲ್ಲಿ, ಅಂದರೆ ಒಕ್ಕೂಟಕ್ಕೆ ಇನ್ನೂ 24 ವರ್ಷ ಇರುವಾಗಲೇ, ಅದರ ಬಗ್ಗೆ ಭವಿಷ್ಯ ಹೇಳುವ ಕವಿತೆ ಬರೆದರು.

ಶುರುವಿನಲ್ಲೇ "ಅವಳು ಇನ್ನೂ ಇಲ್ಲ" ಅನ್ನುತ್ತಾರೆ. ದೇಶಭಕ್ತಿ ಕವಿತೆಯೊಂದು ದೇಶವೇ ಇಲ್ಲ ಅಂತ ಶುರುವಾಗುವುದು ನನಗೆ ಬಹಳ ಹಿಡಿಸಿತು. ಮುಂದೆ ಒಂದು ಚಿತ್ರ ಬರುತ್ತದೆ. ಮೇಲೆ ಬರಡು ನೆಲ, ಕೆಳಗೆ ಯಾರ ಕಣ್ಣಿಗೂ ಬೀಳದೆ ಹರಿಯುವ ನೀರು. ನಮ್ಮ ಒಳಿತು ಕೆಡುಕುಗಳ ಕೆಳಗೆ ಎಲ್ಲರ ಇಚ್ಛೆಯೂ ಹಾಗೇ ಹರಿಯುತ್ತಿದೆ, ಒಂದು ದಿನ ಮೇಲೆ ಚಿಮ್ಮಿ ನಮ್ಮ ಬರಡು ಜಗಳಗಳನ್ನು ಹೂವಿನಲ್ಲಿ ಮುಚ್ಚಿಬಿಡುತ್ತದೆ, ಗಡಿಗೆರೆಗಳ ಮೇಲೆ ಪ್ರೀತಿ ಬೆಳೆದು ಕೊನೆಗೆ ಉಳಿಯುವ ಗಡಿ ಸಮುದ್ರ ಮಾತ್ರ.

ಇನ್ನೊಂದು ಸ್ವಾರಸ್ಯ. ಬರ್ಕ್ ಊರಿನ ಹತ್ತಿರ ಬೋರ್ ಕೊರೆದಾಗ ನೀರು ತಾನಾಗಿ ಚಿಮ್ಮಿದ್ದು 1878ರಲ್ಲಿ, ಕವಿತೆ ಬರೆದ ಮರುವರ್ಷ. ಗ್ರೇಟ್ ಆರ್ಟೀಸಿಯನ್ ಬೇಸಿನ್ ಅನ್ನುವ ಆ ದೊಡ್ಡ ಅಂತರ್ಜಲದ ಕಣಜ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ಸೌತ್ ಆಸ್ಟ್ರೇಲಿಯಾ ಎಲ್ಲದರ ಕೆಳಗೂ ಹಬ್ಬಿದೆ. ವಸಾಹತಿನ ಗಡಿ ಅದಕ್ಕೆ ಗೊತ್ತೇ ಇರಲಿಲ್ಲ. ಶತ್ರು ಇಲ್ಲದಿದ್ದಾಗ ಕವಿ ಎಲ್ಲಿಗೆ ಹೋಗುತ್ತಾನೆ ಅಂತ ಕೇಳಿದಿರಲ್ಲ. ನೆಲಕ್ಕೆ ಹೋಗುತ್ತಾನೆ, ನೀರಿಗೆ ಹೋಗುತ್ತಾನೆ.

ಸ್ಟೀಫನ್ಸ್ ಅದೃಷ್ಟವಂತರು. 1901 ನೋಡಿಯೇ ಕಣ್ಣು ಮುಚ್ಚಿದರು, 1902ರಲ್ಲಿ.

ಕಾಫಿಪುಡಿ
ಮೇಷ್ಟ್ರೇ, ನನ್ನನ್ನು ಹಿಡಿದ ಒಂದೆರಡರಲ್ಲಿ ಇದೂ ಒಂದು. ಬೋರಿನ ವಿಷಯ ಗೊತ್ತಿರಲಿಲ್ಲ. ಚೆನ್ನಾಗಿದೆ.

ಕ್ರಿಕೆಟ್ ಕಾಕಾ
1877 ಅಂದಾಕ್ಷಣ ನನಗೆ ನೆನಪಾಗೋದು ಬೇರೆ. ಮೊದಲ ಟೆಸ್ಟ್ ಮ್ಯಾಚ್! ಮೆಲ್ಬರ್ನ್, ಮಾರ್ಚ್ ತಿಂಗಳು. ಚಾರ್ಲ್ಸ್ ಬ್ಯಾನರ್‌ಮನ್ 165 ಹೊಡೆದು ಕೈಬೆರಳಿಗೆ ಪೆಟ್ಟಾಗಿ ಹೊರಗೆ ಬಂದ. ಆಸ್ಟ್ರೇಲಿಯಾ ಅನ್ನೋ ದೇಶ ಇನ್ನೂ ಹುಟ್ಟಿಲ್ಲ, ಆಸ್ಟ್ರೇಲಿಯಾ ಟೀಮು 45 ರನ್ನಿನಿಂದ ಇಂಗ್ಲೆಂಡನ್ನು ಸೋಲಿಸಿ ಆಗಿದೆ. ನ್ಯೂ ಸೌತ್ ವೇಲ್ಸ್‌ನ ಸಿಡ್ನಿಯವರೂ ವಿಕ್ಟೋರಿಯಾದ ಮೆಲ್ಬರ್ನಿನವರೂ ಮೊದಲು ಒಂದಾದದ್ದು ಕ್ರೀಸಿನಲ್ಲಿ. ಕವಿಗಳು ಆಮೇಲೆ ಬಂದರು.

ಒಗ್ಗರಣೆ
ಕಾಕಾ ಯಾವ ಥ್ರೆಡ್‌ಗೆ ಬಂದರೂ ಸ್ಟಂಪು ನೆಟ್ಟೇ ಹೋಗುತ್ತಾರೆ.

ಕ್ರಿಕೆಟ್ ಕಾಕಾ
ತಪ್ಪೇನಿದೆ? ಇದು ವಿಷಯಕ್ಕೆ ಸಂಬಂಧಪಟ್ಟದ್ದೇ.

ರೈಲುಹುಚ್ಚ
ಕಾಕಾ ಹೇಳಿದ್ದು ಸರಿ ಇದೆ. ಆದರೆ ಸಿಡ್ನಿಯ ಆಟಗಾರ ಮೆಲ್ಬರ್ನಿಗೆ ಹೋಗೋದೇ ಒಂದು ಸಾಹಸ. ನ್ಯೂ ಸೌತ್ ವೇಲ್ಸ್ ಹಳಿ 4 ಅಡಿ 8½ ಇಂಚು. ವಿಕ್ಟೋರಿಯಾದ್ದು 5 ಅಡಿ 3 ಇಂಚು. ಕ್ವೀನ್ಸ್‌ಲ್ಯಾಂಡಿನದ್ದು 3 ಅಡಿ 6 ಇಂಚು. ಎರಡೂ ಕಡೆಯ ಹಳಿ ಗಡಿಗೆ ಬಂದು ಮುಟ್ಟಿದ ಮೇಲೂ ಆಲ್ಬರಿಯಲ್ಲಿ ಎಲ್ಲರೂ ಇಳಿಯಬೇಕು, ಗಂಟುಮೂಟೆ ಹೊತ್ತು ಪ್ಲಾಟ್‌ಫಾರಂ ದಾಟಿ ಬೇರೆ ರೈಲು ಹತ್ತಬೇಕು. 1895ರಲ್ಲಿ ಅಮೆರಿಕದ ಲೇಖಕ ಮಾರ್ಕ್ ಟ್ವೇನ್‌ಗೂ ಇದೇ ಗತಿ ಆಯಿತು. ಬೆಳಗಿನ ಜಾವ ಎಬ್ಬಿಸಿ ಚಳಿಯಲ್ಲಿ ಲಾಟೀನು ಬೆಳಕಿನಲ್ಲಿ ಇಳಿಸಿದರು. ಇಂಥ ಐಡಿಯಾ ಹುಟ್ಟಿಸಿದ ಬುದ್ಧಿಗೆ ಲಕ್ವ ಹೊಡೆದಿರಬೇಕು ಅನ್ನೋ ಅರ್ಥದಲ್ಲಿ ತಮ್ಮ ಪ್ರವಾಸ ಕಥನದಲ್ಲಿ ಬರೆದುಕೊಂಡಿದ್ದಾರೆ. ನಮ್ಮಲ್ಲಿ ಮೀಟರ್‌ಗೇಜು, ಬ್ರಾಡ್‌ಗೇಜು ಎರಡೂ ಇದ್ದ ಕಾಲದಲ್ಲಿ ಓಡಾಡಿದವರಿಗೆ ಅವರ ಸಂಕಟ ಗೊತ್ತು.

ನನ್ನ ಪ್ರಕಾರ ಒಕ್ಕೂಟದ ಬಗ್ಗೆ ಬಂದ ಅತ್ಯುತ್ತಮ ಸಾಹಿತ್ಯ ಆ ಬೈಗುಳವೇ.

ಸಿಡ್ನಿ ಸೊಸೆ
ಯಾರೂ ಇನ್ನೂ "ಅಡ್ವಾನ್ಸ್ ಆಸ್ಟ್ರೇಲಿಯಾ ಫೇರ್" ಹೆಸರೇ ಎತ್ತಿಲ್ಲವಲ್ಲ? ನಮ್ಮ ಮಕ್ಕಳು ಶಾಲೆಯಲ್ಲಿ ವಾರಕ್ಕೊಮ್ಮೆ ಹಾಡುತ್ತಾರೆ. ಅದನ್ನು ಬರೆದಿದ್ದೇ ಒಕ್ಕೂಟಕ್ಕೆ ಅಂತ.

ಮೇಷ್ಟ್ರು (ನಿವೃತ್ತ)
ಇಲ್ಲಮ್ಮ, ಅದು 1878ರದು. ಪೀಟರ್ ಡಾಡ್ಸ್ ಮೆಕಾರ್ಮಿಕ್ ಅನ್ನುವವರು ಬರೆದು ರಾಗ ಹಾಕಿದ್ದು. ಆ ವರ್ಷದ ನವೆಂಬರ್ 30ರಂದು ಸಿಡ್ನಿಯಲ್ಲಿ ಮೊದಲು ಹಾಡಿದರು. 1901ರ ಜನವರಿ 1ಕ್ಕೆ ಸೆಂಟೆನಿಯಲ್ ಪಾರ್ಕಿನಲ್ಲಿ ಸುಮಾರು ಹತ್ತು ಸಾವಿರ ಜನರ ಮೇಳ ಹಾಡಿತು, ಹೊಸ ಒಕ್ಕೂಟವನ್ನು ಸೇರಿಸಿ ಸಾಲುಗಳನ್ನು ಬದಲಾಯಿಸಿಕೊಂಡರು. ಮೂಲದಲ್ಲಿ ಬ್ರಿಟನ್ನಿನ ಗುಣಗಾನ ಜಾಸ್ತಿ ಇತ್ತು. ಕ್ಯಾಪ್ಟನ್ ಕುಕ್ ಹಡಗು ಹತ್ತಿ ಬಂದ ಕತೆ ಒಂದು ಇಡೀ ನುಡಿ. ಈಗ ಅದನ್ನು ಹಾಡುವುದಿಲ್ಲ.

ಅಂಕಿಸಂಖ್ಯೆ
ರಾಷ್ಟ್ರಗೀತೆ ಆಗಿದ್ದು 1984ರಲ್ಲಿ. ಅಲ್ಲಿಯವರೆಗೆ ರಾಣಿಯನ್ನು ದೇವರು ಕಾಪಾಡಲಿ ಅಂತಲೇ ಹಾಡುತ್ತಿದ್ದರು. 1977ರಲ್ಲಿ ಯಾವ ಹಾಡು ಬೇಕು ಅಂತ ಜನರನ್ನೇ ಕೇಳಿದ್ದರು. ಇದಕ್ಕೆ ಶೇಕಡ 43, "ವಾಲ್ಟ್ಸಿಂಗ್ ಮಟಿಲ್ಡಾ"ಗೆ ಶೇಕಡ 28.

ಕುಂದಾಪ್ರದ ಮಾಣಿ
ಕುರಿ ಕದ್ದು ಪೊಲೀಸರಿಗೆ ಹೆದರಿ ನೀರಿಗೆ ಹಾರಿದವನ ಹಾಡು ರಾಷ್ಟ್ರಗೀತೆ ಆಗಬೇಕು ಅಂತ ನೂರಕ್ಕೆ ಇಪ್ಪತ್ತೆಂಟು ಜನ ಹೇಳಿದ್ದಾರೆ ಅಂದರೆ ನನಗೆ ಆ ದೇಶದ ಮೇಲೆ ಪ್ರೀತಿ ಉಕ್ಕುತ್ತಿದೆ.

ಸಿಡ್ನಿ ಸೊಸೆ
ರಾಷ್ಟ್ರಗೀತೆಗಿಂತ ಒಳ್ಳೆಯ ಹಾಡು ಮಾತ್ರ ಅದು, ರಾಗದಲ್ಲಂತೂ. 🙂

ಸೆಂಟೆನಿಯಲ್ ಪಾರ್ಕ್ ವಿಷಯ ಬಂತು, ಹೇಳುತ್ತೇನೆ. ಭಾನುವಾರ ನಾವು ಅಲ್ಲಿಗೇ ವಾಕಿಂಗ್ ಹೋಗೋದು. 1901ರಲ್ಲಿ ಒಕ್ಕೂಟದ ಉದ್ಘಾಟನೆಗೆ ಕಟ್ಟಿದ ಮಂಟಪ ಪ್ಲಾಸ್ಟರ್ ಆಫ್ ಪ್ಯಾರಿಸ್‌ದು. ನಾಟಕದ ಸೆಟ್ ಹಾಕಿದ ಹಾಗೆ. ಬೇಗ ಹಾಳಾಯಿತು, ಉಳಿದ ಚೌಕಟ್ಟನ್ನು ಕಿತ್ತು ಕ್ಯಾಬರೀಟಾ ಪಾರ್ಕಿಗೆ ಸಾಗಿಸಿದರು. ಮೂಲ ಜಾಗದಲ್ಲಿ ಉಳಿದಿದ್ದು ಒಂದು ಆರು ಮೂಲೆಯ ಗ್ರಾನೈಟ್ ಕಲ್ಲು, ವಸಾಹತಿಗೊಂದು ಮೂಲೆ. 1988ರಲ್ಲಿ ಅದರ ಮೇಲೆ ಹೊಸ ಕಲ್ಲಿನ ಮಂಟಪ ಕಟ್ಟಿದ್ದಾರೆ. ಸುತ್ತ ದಪ್ಪಕ್ಷರದಲ್ಲಿ ಕೆತ್ತಿದ್ದಾರೆ: ದುಡ್ಡಿನ ದೆವ್ವವೋ, ಸಾವಿರ ವರ್ಷದ ಸ್ವರ್ಗವೋ ಅಂತ. ಪ್ರಶ್ನೆ ಚಿಹ್ನೆ ಕೂಡ ಇಲ್ಲ. ನಮ್ಮ ಮಾವನವರು ಊರಿಂದ ಬಂದಾಗ ಎರಡು ಸುತ್ತು ಹಾಕಿ ಓದಿ "ಇದೇನು ಶಾಪವಾ?" ಅಂತ ಕೇಳಿದರು.

ಮೇಷ್ಟ್ರು (ನಿವೃತ್ತ)
ಅದು ಬರ್ನಾರ್ಡ್ ಓಡೌಡ್ ಅವರ ಸುನೀತದ್ದು. 1900ರಲ್ಲಿ "ದಿ ಬುಲೆಟಿನ್" ಪತ್ರಿಕೆಯ ಸುನೀತ ಸ್ಪರ್ಧೆಯಲ್ಲಿ ಗೆದ್ದದ್ದು. ಓಡೌಡ್ ಮೆಲ್ಬರ್ನಿನಲ್ಲಿ ಸುಪ್ರೀಂ ಕೋರ್ಟ್ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಅಮೆರಿಕದ ವಾಲ್ಟ್ ವಿಟ್ಮನ್ ಜೊತೆ ಪತ್ರವ್ಯವಹಾರ ಇತ್ತು.

ನನ್ನ ಕೇಳಿದರೆ ಆ ಕಾಲದ ಕವಿತೆಗಳಲ್ಲಿ ಈಗಲೂ ಜೀವಂತ ಇರುವುದು ಇದೊಂದೇ. ಕಾಲ ಅನ್ನುವ ನಾವಿಕ ಬಲೆ ಬೀಸಿ ಎತ್ತಿದ ಕೊನೆಯ ಕಡಲ ಜೀವಿ ನೀನು ಅಂತ ದೇಶವನ್ನು ಕರೆಯುತ್ತಾನೆ. ಆಮೇಲೆ ಬರೀ ಪ್ರಶ್ನೆ. ಪಡುವಣದವರು ತಮ್ಮ ಹಳೆಯ ಗೂಡನ್ನೇ ಮತ್ತೆ ಕಟ್ಟಿಕೊಳ್ಳುವ ಪಾಚಿಯ ಕಡಲಾ ನೀನು? ದೀಪಕ್ಕೆ ಎಣ್ಣೆ ಹಾಕಿಕೊಂಡು ಕಾದಿದ್ದೀಯಾ ಅಥವಾ ಜೌಗಿನಲ್ಲಿ ಅಲೆಯುವ ಕೊಳ್ಳಿದೆವ್ವವಾ? ಹುಟ್ಟುಹಬ್ಬಕ್ಕೆ ಬಂದವನು ಮಗುವನ್ನು ಮುದ್ದು ಮಾಡದೆ ಜಾತಕ ನೋಡಿ ಹುಬ್ಬು ಗಂಟಿಕ್ಕಿದ. ಸಿಡ್ನಿಯಮ್ಮನ ಮಾವನವರ ಅನುಮಾನ ನ್ಯಾಯವಾದದ್ದೇ.

ಅಧಿಕೃತ ಕವಿತೆ ಬೇರೆ ಇತ್ತು. ಜಾರ್ಜ್ ಎಸೆಕ್ಸ್ ಇವಾನ್ಸ್ ಬರೆದ ಸ್ತುತಿಗೀತೆಗೆ ನ್ಯೂ ಸೌತ್ ವೇಲ್ಸ್ ಸರ್ಕಾರದ ಬಹುಮಾನ ಬಂತು. ಬಹುಮಾನ ಬಂತು, ಅಷ್ಟೇ.

ಕಾಫಿಪುಡಿ
"ಬಹುಮಾನ ಬಂತು, ಅಷ್ಟೇ." ಮೇಷ್ಟ್ರು ಸಿಟ್ಟಾದರೆ ಹೀಗೇ.

ಧಾರವಾಡದಾಂವ
ಹೆನ್ರಿ ಪಾರ್ಕ್ಸ್ ಅವರನ್ನ ಬಿಟ್ಟು ಮಾತಾಡ್ತೀರಲ್ರಿ. ಒಕ್ಕೂಟದ ತಂದೆ ಅಂತ ಅವರನ್ನ ಕರೀತಾರೆ. ದಂತದ ಕೆತ್ತನೆ ಕೆಲಸ ಮಾಡ್ತಿದ್ದ ಬಡವ. 1839ರಲ್ಲಿ ಇಂಗ್ಲೆಂಡಿನಿಂದ ಬಂದು, ಪತ್ರಿಕೆ ನಡೆಸಿ, ದಿವಾಳಿ ಎದ್ದು, ಐದು ಸಲ ನ್ಯೂ ಸೌತ್ ವೇಲ್ಸ್ ಪ್ರಧಾನಿ ಆದರು. 1889ರ ಅಕ್ಟೋಬರಿನಲ್ಲಿ ಟೆಂಟರ್‌ಫೀಲ್ಡ್ ಅನ್ನೋ ಊರಿನ ಭಾಷಣದಿಂದ ಚಳವಳಿಗೆ ಹೊಸ ಜೀವ ಬಂತು. ಅದರ ಜೊತೆ ಅವರು ಕವಿ ಕೂಡ. ಐದಾರು ಸಂಕಲನ ಅದಾವ. ಕವಿತೆ ಅಷ್ಟಕ್ಕಷ್ಟೇ. ಆದರೆ 1890ರಲ್ಲಿ ಮೆಲ್ಬರ್ನಿನ ಔತಣದಲ್ಲಿ "ರಕ್ತಸಂಬಂಧದ ಕೆಂಪು ದಾರ ನಮ್ಮೆಲ್ಲರೊಳಗೆ ಓಡ್ಯದ" ಅಂದರಲ್ಲ, ಆ ಒಂದು ಮಾತು ಎಲ್ಲರ ಬಾಯಾಗ ಉಳೀತು. ಇಡೀ ಸಂಕಲನದಾಗ ಆಗದ್ದು ಭಾಷಣದ ಒಂದು ಸಾಲಿನಾಗ ಆತು. ಪಾಪ, 1896ರಲ್ಲಿ ತೀರಿಕೊಂಡರು. ಒಕ್ಕೂಟ ನೋಡಲಿಲ್ಲ.

ಮಳೆಬಿಲ್ಲು
ಆ ಕೆಂಪು ದಾರದ ಬಗ್ಗೆಯೇ ಹೇಳಬೇಕು ಅಂತ ಕಾಯುತ್ತಿದ್ದೆ. ಅದಕ್ಕೂ ಮುಂಚೆ ಥ್ರೆಡ್ಡಿನ ಹೆಸರು. "ಗುಂಡು ಹಾರದೆ" ಅಂತ ಯಾರು ಹೇಳಿದ್ದು? ವಸಾಹತುಗಳ ನಡುವೆ ಹಾರಲಿಲ್ಲ, ಅಷ್ಟೇ. ಆ ನೆಲದ ಮೂಲನಿವಾಸಿಗಳ ಮೇಲೆ ನೂರು ವರ್ಷಕ್ಕೂ ಜಾಸ್ತಿ ಹಾರಿದೆ. 1838ರಲ್ಲಿ ಮಯಾಲ್ ಕ್ರೀಕ್‌ನಲ್ಲಿ ಕಮ್ಮಿ ಅಂದರೂ 28 ಜನರನ್ನು ಕತ್ತಿಯಲ್ಲಿ ಕೊಚ್ಚಿದರು. ಅದಕ್ಕೆ ಏಳು ಜನ ಬಿಳಿಯರಿಗೆ ಗಲ್ಲಾಯಿತು, ಅದೇ ಅಪರೂಪ. ಒಕ್ಕೂಟವಾಗಿ 27 ವರ್ಷ ಆದ ಮೇಲೂ, 1928ರಲ್ಲಿ, ಕೊನಿಸ್ಟನ್ ಹತ್ಯಾಕಾಂಡ ನಡೆಯಿತು.

ಈಗ ವಿಲಿಯಂ ಗೇ ಸುನೀತ ಇನ್ನೊಂದು ಸಲ ಓದಿ. ದೇವರು ಒಂದಾಗಿ ಮಾಡಿದ ನೆಲ, ಮುರಿಯದ ಆಕಾಶ. ಚೆಂದ ಇದೆ. ಆ ನೆಲದಲ್ಲಿ ಜನ ಎಲ್ಲಿ? ಖಾಲಿ. ಸ್ಟೀಫನ್ಸ್ ಕವಿತೆಯ ಮರಳುಗಾಡೂ ಖಾಲಿ. ನೆಲದ ಮೇಲೆ ಯಾರೂ ಇಲ್ಲ ಅಂದುಕೊಂಡರೆ ಮಾತ್ರ ಇಷ್ಟು ಶಾಂತವಾಗಿ ಬರೆಯಲು ಸಾಧ್ಯ. ಸಂವಿಧಾನದ 127ನೇ ಕಲಮು ಅದನ್ನೇ ಕಾನೂನಿನ ಭಾಷೆಯಲ್ಲಿ ಹೇಳಿತು. ಜನಸಂಖ್ಯೆ ಲೆಕ್ಕ ಹಾಕುವಾಗ ಮೂಲನಿವಾಸಿಗಳನ್ನು ಎಣಿಸಬಾರದು ಅಂತ. ಅದು ಹೋಗಿದ್ದು 1967ರ ಜನಮತದಲ್ಲಿ.

ಆ ಜನಮತಕ್ಕಾಗಿ ಊರೂರು ತಿರುಗಿದವರಲ್ಲಿ ಊಜರೂ ನೂನಕಲ್ ಅನ್ನೋ ಕವಯಿತ್ರಿ ಇದ್ದರು. ಆಗ ಅವರ ಹೆಸರು ಕ್ಯಾತ್ ವಾಕರ್. 1964ರಲ್ಲಿ ಬಂದ ಅವರ ಸಂಕಲನ ಮೂಲನಿವಾಸಿಯೊಬ್ಬರು ಪ್ರಕಟಿಸಿದ ಮೊದಲ ಕವನ ಸಂಕಲನ. ಒಂದು ಜನಾಂಗ ತನ್ನ ಊರಿಗೇ ಅಪರಿಚಿತರ ಹಾಗೆ ಬಂದು, ತಾವು ಬೋರಾ ಕುಣಿತ ಕುಣಿಯುತ್ತಿದ್ದ ಜಾಗದಲ್ಲಿ ಕಸ ಸುರಿಯಬಹುದು ಅನ್ನೋ ಬೋರ್ಡ್ ನೋಡುವ ಕವಿತೆ ಅದರಲ್ಲಿದೆ. ಕಾಫಿಪುಡಿಯವರ ಪ್ರಶ್ನೆಗೆ ನನ್ನ ಉತ್ತರ ಅದು. ಒಕ್ಕೂಟದ ಒಳ್ಳೆ ಕವಿತೆ ಬಂತು, 63 ವರ್ಷ ತಡವಾಗಿ ಬಂತು.

ಧಾರವಾಡದಾಂವ
ನೀವು ಹೇಳಿದ್ದು ಸುಳ್ಳಲ್ಲ. ಆದರೆ 1897ರಲ್ಲಿ ಸಾಯ್ತಾ ಮಲಗಿದ್ದ ಹುಡುಗನ ಮೇಲೆ ಎಲ್ಲಾ ಹೊರಿಸೋದು ಸರಿ ಅಲ್ಲ ಅನಸ್ತದ.

ಮಳೆಬಿಲ್ಲು
ಅವನ ಮೇಲೆ ಹೊರಿಸುತ್ತಿಲ್ಲ ಸರ್. ಕವಿತೆ ಏನನ್ನು ಬಿಟ್ಟಿತು ಅಂತ ಹೇಳುತ್ತಿದ್ದೇನೆ. ಕೆಂಪು ದಾರ ಯಾರ ಕೈಗೆ ಕಟ್ಟಿದ್ದು, ಯಾರಿಗೆ ಕಟ್ಟಲಿಲ್ಲ ಅನ್ನೋದೇ ಆ ದೇಶಭಕ್ತಿಯ ತಿರುಳು.

ಟೊರಾಂಟೊ ತಿಮ್ಮ
ಕೆನಡಾದಲ್ಲೂ ಅದೇ ಕತೆ. 1867ರಲ್ಲಿ ಒಕ್ಕೂಟ ಆಯ್ತು. ಅದೇ ವರ್ಷ ಅಲೆಕ್ಸಾಂಡರ್ ಮ್ಯೂರ್ ಅನ್ನೋ ಮೇಷ್ಟ್ರು ಮೇಪಲ್ ಎಲೆಯ ಮೇಲೆ ಹಾಡು ಕಟ್ಟಿದ. ಇಂಗ್ಲೆಂಡಿನ ಗುಲಾಬಿ, ಸ್ಕಾಟ್ಲೆಂಡಿನ ಥಿಸಲ್, ಐರ್ಲೆಂಡಿನ ಶ್ಯಾಮ್ರಾಕ್ ಎಲ್ಲಾ ಹೆಣೆದುಕೊಂಡಿವೆ ಅಂತ. ಕ್ವಿಬೆಕ್ಕಿನ ಫ್ರೆಂಚರ ಲಿಲಿ ಹೂವೇ ಇಲ್ಲ. ಸಹಜವಾಗಿ ಅವರು ಹಾಡಲಿಲ್ಲ. ತಮಾಷೆ ಅಂದರೆ ಈಗಿನ ರಾಷ್ಟ್ರಗೀತೆ "ಓ ಕೆನಡಾ" 1880ರಲ್ಲಿ ಹುಟ್ಟಿದ್ದೇ ಫ್ರೆಂಚಿನಲ್ಲಿ.

ಒಗ್ಗರಣೆ
ಅಮೆರಿಕದವರು ಯಾರೂ ಇಲ್ವಾ? 13 ವಸಾಹತು ಸೇರಿದ ಕತೆ ಅವರದೇ ದೊಡ್ಡದು.

ಮೇಷ್ಟ್ರು (ನಿವೃತ್ತ)
ಅಲ್ಲಿ ಶತ್ರು ಇದ್ದ, ಹಾಗಾಗಿ ಕಾಫಿಪುಡಿಯವರ ಪ್ರಶ್ನೆಗೆ ಅದು ಹೊರಗಿನದು. ಆದರೂ ಒಂದು ವಿಷಯ. 1768ರಲ್ಲಿ ಜಾನ್ ಡಿಕಿನ್ಸನ್ ವಸಾಹತುಗಳೆಲ್ಲ ಸೇರಿದರೆ ನಿಲ್ಲುತ್ತೇವೆ, ಒಡೆದರೆ ಬೀಳುತ್ತೇವೆ ಅಂತ ಹಾಡು ಬರೆದರು. ಅದಕ್ಕೆ ಬಳಸಿದ ಧಾಟಿ ಬ್ರಿಟಿಷ್ ನೌಕಾಪಡೆಯ ಹಾಡಿನದು. ಬೈಯುವುದಕ್ಕೂ ಅವರ ರಾಗವೇ ಬೇಕಾಯಿತು.

ಧಾರವಾಡದಾಂವ
ನಮ್ಮದನ್ನೂ ಸೇರಿಸ್ರಿ. ಕನ್ನಡಿಗರು ಮುಂಬೈ, ಮದ್ರಾಸು, ಹೈದರಾಬಾದು, ಕೊಡಗು, ಮೈಸೂರು ಅಂತ ಹರಿದು ಹಂಚಿ ಹೋಗಿದ್ದಾಗ ಹುಯಿಲಗೋಳ ನಾರಾಯಣರಾಯರ ಹಾಡನ್ನ 1924ರ ಬೆಳಗಾವಿ ಕಾಂಗ್ರೆಸ್‌ನಲ್ಲಿ ಹಾಡಿದರು. ರಾಜ್ಯ ಆಗಿದ್ದು 1956ಕ್ಕೆ. ಹಾಡು ಮೊದಲು, ನಾಡು ಆಮೇಲೆ. ಸ್ಟೀಫನ್ಸ್ ಕತೆಯೂ ಅದೇ ಅಲ್ಲೇನ್ರಿ?

ಅಂಕಿಸಂಖ್ಯೆ
ಅಲ್ಲ. ನಮ್ಮಲ್ಲಿ ಒಂದು ಭಾಷೆಯ ಜನ ಬೇರೆ ಬೇರೆ ಆಡಳಿತದಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಮುಂಬೈ ಸರ್ಕಾರದ ಕಚೇರಿಯಲ್ಲಿ ಮರಾಠಿಯಲ್ಲಿ ಅರ್ಜಿ ಬರೆಯಬೇಕಾದ ನೋವು ಇತ್ತು. ಆಸ್ಟ್ರೇಲಿಯಾದ ಆರೂ ಕಡೆ ಅದೇ ಇಂಗ್ಲಿಷು, ಅದೇ ರಾಣಿ, ಅದೇ ಕಾನೂನು. ಅವರಿಗೆ ಭಾಷೆಯ ನೋವಿರಲಿಲ್ಲ. ಅದಕ್ಕೇ ನಮ್ಮ ಹಾಡು ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ, ಅವರದು ಗ್ರಂಥಾಲಯದಲ್ಲಿದೆ.

ಕಾಫಿಪುಡಿ
ಕವಿತೆಯಿಂದ ಏನೂ ಆಗಲ್ಲ ಅಂದಿದ್ದವರು ಈಗ ಮೈ ಜುಮ್ ಅನ್ನುತ್ತಿದ್ದಾರೆ, ಎಲ್ಲರೂ ಗಮನಿಸಿ.

ಅಂಕಿಸಂಖ್ಯೆ
ಮೈ ಜುಮ್ಮೆನ್ನುವುದು ಬೇರೆ, ರಾಜ್ಯ ಆಗುವುದು ಬೇರೆ. ರಾಜ್ಯಗಳನ್ನು ಮರುವಿಂಗಡಿಸಿದ ಫಜಲ್ ಅಲಿ ಆಯೋಗದ ವರದಿ ಪದ್ಯದಲ್ಲಿಲ್ಲ.

ಬೆಂಡಿಗೋ ಬಿಸಿಬೇಳೆ
ನೋವು ಇರಲಿಲ್ಲ ಅನ್ನೋದನ್ನು ಪೂರ್ತಿ ಒಪ್ಪಲ್ಲ. ಹೆನ್ರಿ ಲಾಸನ್ ಓದಿ. 1887ರಲ್ಲಿ ಬುಲೆಟಿನ್‌ನಲ್ಲಿ ಬಂದ ಅವನ ಮೊದಲ ಪದ್ಯವೇ ಗಣರಾಜ್ಯದ ಹಾಡು. ಹಳೆಯ ಒಣಮರವೋ, ಹಸಿರು ಎಳೆಮರವೋ, ದೊರೆಗಳಿಗೂ ರಾಣಿಗೂ ಸೇರಿದ ನೆಲವೋ, ನಿಮಗೇ ಸೇರಿದ ನೆಲವೋ, ಆರಿಸಿಕೊಳ್ಳಿ ಅಂತ ದಕ್ಷಿಣದ ಮಕ್ಕಳಿಗೆ ಕರೆ ಕೊಡುತ್ತಾನೆ. ಆಗ ಅವನಿಗೆ ಇಪ್ಪತ್ತು ವರ್ಷ. ಬಡತನ ಇತ್ತು, ಕಿವಿ ಕೇಳುತ್ತಿರಲಿಲ್ಲ. ಅವನಿಗೆ ಶತ್ರು ಇದ್ದ, ಲಂಡನ್ನಿನಲ್ಲಿ. ಆದರೆ ಒಕ್ಕೂಟ ಮಾಡಿದವರು ಲಾಸನ್ ಕಡೆಯವರಲ್ಲ, ವಕೀಲರು. ರಾಣಿಯನ್ನು ಇಟ್ಟುಕೊಂಡೇ ದೇಶ ಮಾಡಿದರು. ಕಾಫಿಪುಡಿ ಹುಡುಕುತ್ತಿರೋ ಬಿಸಿ ಇದ್ದ ಕವಿತೆ ಸೋತವರ ಕಡೆ ಇದೆ.

ಮಳೆಬಿಲ್ಲು
ಬುಲೆಟಿನ್ ಅಂದರೆ 1908ರಿಂದ 1960ರ ಸುಮಾರಿನವರೆಗೆ ಹೆಸರಿನ ಕೆಳಗೇ "ಆಸ್ಟ್ರೇಲಿಯಾ ಬಿಳಿಯರಿಗೆ" ಅಂತ ಅಚ್ಚು ಹಾಕಿಕೊಂಡಿದ್ದ ಪತ್ರಿಕೆ. ಬಿಸಿ ಯಾವ ಒಲೆಯದು ಅಂತಲೂ ನೋಡಿ.

ಇನ್ನೊಂದು, ಇದು ನಮಗೆ ನೇರ ಸಂಬಂಧ ಇರೋದು. 1901ರ ಸಂಭ್ರಮಕ್ಕೆ ಅಂತ ಭಾರತದಿಂದ ಸೈನಿಕರ ತುಕಡಿ ಕರೆಸಿದ್ದರು. ರುಮಾಲು, ಪದಕ ಎಲ್ಲ ಹಾಕಿಕೊಂಡು ಊರೂರಲ್ಲಿ ಕವಾಯತು ಮಾಡಿದರು, ಜನ ಮುಗಿಬಿದ್ದು ನೋಡಿದರು. ಅದೇ 1901ರ ಕೊನೆಗೆ ವಲಸೆ ತಡೆ ಕಾಯ್ದೆ ಬಂತು. ಬಂದರಿನಲ್ಲಿ ಇಳಿದವನಿಗೆ ಯಾವುದಾದರೂ ಯುರೋಪಿನ ಭಾಷೆಯಲ್ಲಿ 50 ಪದ ಓದಿ ಹೇಳುತ್ತಾರೆ, ಅವನು ಬರೆಯಬೇಕು. ಯಾವ ಭಾಷೆ ಅಂತ ಅಧಿಕಾರಿ ಆರಿಸೋದು. ಇಂಗ್ಲಿಷ್ ಬರುತ್ತೆ ಅಂದರೆ ಬೇರೆ ಭಾಷೆ. ಉಕ್ತಲೇಖನ! ಮೆರವಣಿಗೆಗೆ ಬೇಕು, ಮನೆಗೆ ಬೇಡ. 1958ರವರೆಗೆ ಇತ್ತು ಅದು.

ಸಿಡ್ನಿ ಸೊಸೆ
ಉಕ್ತಲೇಖನ ಅಂತ ಓದಿ ಎರಡನೇ ಕ್ಲಾಸು ನೆನಪಾಯ್ತು. ನಗು ಬಂತು, ಆಮೇಲೆ ಬರಲಿಲ್ಲ. ಇಲ್ಲಿ ನಾವು ರಾಜ್ಯೋತ್ಸವ ಮಾಡುವಾಗ ಎರಡೂ ದೇಶದ ಗೀತೆ ಹಾಡುತ್ತೇವೆ. ಆ ಗೀತೆಯಲ್ಲಿ 2021ರ ಜನವರಿ 1ರಿಂದ ಒಂದು ಪದ ಬದಲಾಗಿದೆ. ಮೊದಲು ನಾವು ಎಳೆಯರು, ಸ್ವತಂತ್ರರು ಅಂತ ಇತ್ತು. ಸಾವಿರಾರು ವರ್ಷದಿಂದ ಜನ ಇರುವ ನೆಲ ಎಳೆಯದು ಹೇಗಾಗುತ್ತದೆ ಅಂತ ಕೇಳಿದರು. ಈಗ ನಾವು ಒಂದು, ಸ್ವತಂತ್ರರು ಅಂತ ಹಾಡಬೇಕು. ನಮ್ಮ ಸಂಘದ ಹಿರಿಯರು ಇನ್ನೂ ಹಳೆಯದನ್ನೇ ಹಾಡಿಬಿಡುತ್ತಾರೆ, ಮಕ್ಕಳು ತಿರುಗಿ ನೋಡುತ್ತಾರೆ.

ಕುಂದಾಪ್ರದ ಮಾಣಿ
ನ್ಯೂಜಿಲ್ಯಾಂಡ್ ಯಾಕೆ ಸೇರಲಿಲ್ಲ? ಯಾರಾದರೂ ಹೇಳಿ.

ಅಂಕಿಸಂಖ್ಯೆ
1890ರ ಸಭೆಗೂ 1891ರ ಸಭೆಗೂ ಬಂದಿದ್ದರು. ಆಮೇಲೆ ಹಿಂದೆ ಸರಿದರು. ನಡುವೆ 1,200 ಮೈಲಿ ಸಮುದ್ರ ಇದೆ, ಅದು ಸೇರದೆ ಇರುವುದಕ್ಕೆ 1,200 ಕಾರಣ ಅಂತ ಅವರ ಕಡೆಯವರೇ ಅಂದಿದ್ದರು. ಸಂವಿಧಾನ ಕಾಯ್ದೆಯ 6ನೇ ಕಲಮಿನಲ್ಲಿ ರಾಜ್ಯಗಳ ಪಟ್ಟಿಯಲ್ಲಿ ನ್ಯೂಜಿಲ್ಯಾಂಡ್ ಹೆಸರು ಇನ್ನೂ ಇದೆ. ತದ್ವಿರುದ್ಧವಾಗಿ ಪೀಠಿಕೆಯಲ್ಲಿ ವೆಸ್ಟರ್ನ್ ಆಸ್ಟ್ರೇಲಿಯಾ ಹೆಸರಿಲ್ಲ. ಅವರು ಮತ ಹಾಕಿದ್ದು 1900ರ ಜುಲೈ 31ಕ್ಕೆ, ಅಷ್ಟರಲ್ಲಿ ಲಂಡನ್ನಿನಲ್ಲಿ ಕಾಯ್ದೆ ಪಾಸಾಗಿ ಹೋಗಿತ್ತು.

ಒಗ್ಗರಣೆ
ಬಾರದವರ ಹೆಸರು ಪಟ್ಟಿಯಲ್ಲಿದೆ, ಬಂದವರದು ಪೀಠಿಕೆಯಲ್ಲಿಲ್ಲ. ನಮ್ಮ ಮನೆ ಮದುವೆ ಆಮಂತ್ರಣ ಪತ್ರಿಕೆ ಮಾಡಿದವನೇ ಇದನ್ನೂ ಮಾಡಿರಬೇಕು.

ಕ್ರಿಕೆಟ್ ಕಾಕಾ
ಅದಕ್ಕೇ ವೆಸ್ಟರ್ನ್ ಆಸ್ಟ್ರೇಲಿಯಾದವರು 1933ರಲ್ಲಿ ನಾವು ಹೊರಗೆ ಹೋಗುತ್ತೇವೆ ಅಂತ ಮತ ಹಾಕಿದ್ದು. ಸುಮಾರು ಮೂರರಲ್ಲಿ ಎರಡು ಭಾಗ ಜನ ಹೋಗೋಣ ಅಂದರು. ಲಂಡನ್ನಿನ ಪಾರ್ಲಿಮೆಂಟು ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ.

ಕಾಫಿಪುಡಿ
ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಓಡೌಡ್ ಮತ್ತು ಲಾಸನ್ ಇಬ್ಬರನ್ನೂ ಈ ವಾರ ಓದುತ್ತೇನೆ. ಬೆಂಡಿಗೋ ಅವರೇ, ಡೀಕಿನ್ ಭಾಷಣದ ಪೂರ್ತಿ ಪಾಠ ಸಿಕ್ಕಿದರೆ ಹಾಕಿ. ಅನುವಾದ ಮಾಡುವ ಆಸೆ ಇದೆ. ಒಂದಂತೂ ಸಮಾಧಾನ, ಸ್ಟೀಫನ್ಸ್ ಹೇಳಿದ ಹಾಗೆ ಗಡಿಗೆರೆಗಳೆಲ್ಲ ಕೊನೆಗೆ ಅಳಿಸಿಹೋದವು.

ರೈಲುಹುಚ್ಚ
ಯಾರು ಹೇಳಿದ್ದು? ಸಿಡ್ನಿ-ಮೆಲ್ಬರ್ನ್ ನಡುವೆ ಒಂದೇ ಅಗಲದ ಹಳಿ ಬಂದಿದ್ದೇ 1962ರಲ್ಲಿ. ಮೆಲ್ಬರ್ನ್ ಲೋಕಲ್ ರೈಲು ಇವತ್ತಿಗೂ 5 ಅಡಿ 3 ಇಂಚು. ಬ್ರಿಸ್ಬೇನ್ ಲೋಕಲ್ಲು 3 ಅಡಿ 6 ಇಂಚು.